ಸುಮ್ಮಿ ಅಂತ ಕರೆಯುವವರು

ಜನವರಿ 19, ಸೋಮವಾರ

ಬೆಳಿಗ್ಗೆಯಿಂದ ಎದೆ, ಎದೆ, ಮೊಣಕಾಲು, ಮತ್ತೆ ಎದೆ. ಕೆಮ್ಮಿನ ಕಾಲ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ಹೇಳಿ ಹೇಳಿ ಬಾಯಿ ಒಣಗಿತು. ಎಕ್ಸ್-ರೇ ರೂಮಿಗೆ ಸೇರಿದಾಗಿನಿಂದ ಇದೇ ಮೂರು ಮಾತು. ನಾಲ್ಕನೆಯದು ಬೇಕಾಗಿಯೂ ಇಲ್ಲ.

ಊಟಕ್ಕೆ ಮುಂಚೆ ಒಂದು ಮಗು ಬಂತು. ಮಂಚದಿಂದ ಬಿದ್ದು ಕೈ ಊದಿಸಿಕೊಂಡಿತ್ತು. ಚೀಟಿಯಲ್ಲಿ ಹೆಸರು 'ಪುಟ್ಟು'. ಪೂರ್ತಿ ಹೆಸರು ಹೇಳಿ ಅಂದೆ. ಅದೇ ಪೂರ್ತಿ ಅಂದಳು ತಾಯಿ. ಮನೆಯಲ್ಲಿ ಕರೆಯುವುದಲ್ಲಮ್ಮ, ಶಾಲೆಗೆ ಕೊಡುವಂಥದ್ದು ಅಂತ ಬಿಡಿಸಿ ಹೇಳಿದೆ.

"ಮನೇಲೂ ಅದೇ, ಸ್ಕೂಲಲ್ಲೂ ಅದೇ ಮೇಡಂ. ಮಗು ಒಂದೇ ತಾನೆ, ಎರಡೆರಡು ಹೆಸರು ಯಾಕೆ?"

ಟೈಪ್ ಮಾಡಿದೆ. ಕಂಪ್ಯೂಟರ್ ತಕ್ಷಣ ಒಪ್ಪಿತು. ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ಮನೆಯದು ಇದಕ್ಕೆ ತದ್ವಿರುದ್ಧ. ಮೊಮ್ಮಗಳು ಹುಟ್ಟಿ ತಿಂಗಳಾಗುತ್ತ ಬಂತು — ಒಂದು ಹೆಸರೂ ಇಲ್ಲ. ಮಗಳು ಫೋನಿನಲ್ಲಿ ಹುಡುಕುತ್ತಾಳೆ, ಸಿಕ್ಕಿದ್ದು ಯಾವುದೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಬೀಗಿತ್ತಿಗೆ ತಮ್ಮ ಅತ್ತೆಯ ಹೆಸರೇ ಆಗಬೇಕು; ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಮಗು ನಡೆಯಲು ಕಲಿತಿರುತ್ತದೆ. ಅಳಿಯ ಎರಡೂ ಚೆನ್ನಾಗಿದೆ ಅನ್ನುತ್ತಾನೆ. ಅಡ್ಡಗೋಡೆ ಮೇಲೆ ದೀಪ. ಲಸಿಕೆ ಕಾರ್ಡಿನಲ್ಲಿ ಇನ್ನೂ 'ಬೇಬಿ'.

ಸಂಜೆ ಅಣ್ಣನ ಫೋನ್. "ಏ ಸುಮ್ಮಿ, ಊಟ ಆಯ್ತಾ?" — ಆರು ಗಂಟೆಗೆ! ಯಾವಾಗ ಮಾಡಿದರೂ ಅದೇ ಪ್ರಶ್ನೆ. ದನಿ ಮಾತ್ರ ಮರಳು ಉಜ್ಜಿದ ಹಾಗಿತ್ತು. ನೆಗಡಿಯಾ ಅಂದೆ. ಇವತ್ತು ಕಲಿಯಲು ಬಂದವರು ಮೂರು ಸಲ ಕಾರನ್ನು ಫುಟ್‌ಪಾತ್ ಹತ್ತಿಸಿದರಂತೆ, ಕೂಗಿ ಕೂಗಿ ಗಂಟಲು ಹೋಯಿತಂತೆ. ಡ್ರೈವಿಂಗ್ ಸ್ಕೂಲ್ ನಡೆಸುವವನಿಗೆ ಗಂಟಲೇ ಬಂಡವಾಳ.

ಜನವರಿ 25, ಭಾನುವಾರ

ಅಣ್ಣ ಬಂದಿದ್ದ. ಎರಡು ಬೀದಿ ದಾಟಿದರೆ ಅವನ ಮನೆ, ಆದರೂ ಸ್ಕೂಲಿನ ಕಾರಿನಲ್ಲೇ ಬರುತ್ತಾನೆ. ಮದುವೆಯಾಗದ ಮನುಷ್ಯ. ಹೆಂಡತಿಗೆ ಬೈಯುವುದನ್ನೆಲ್ಲ ಕಾರಿಗೆ ಬೈಯುತ್ತಾನೆ.

ದನಿ ಇನ್ನೂ ಹಾಗೇ ಇದೆ. ನೆಗಡಿ ಇಲ್ಲ. ಕೆಮ್ಮೂ ಇಲ್ಲ.

ಮಗಳು ಕೇಳಿದಳು — ಮಾವ, ಅಮ್ಮನಿಗೆ ಸುಮ್ಮಿ ಅಂತ ಯಾಕೆ ಬಂತು? ಅಮ್ಮನ ಹೆಸರಲ್ಲಿ ಆ ಅಕ್ಷರಗಳೇ ಇಲ್ಲವಲ್ಲ ಅಂತ. ಇಷ್ಟು ವರ್ಷ ಕೇಳಿರಲಿಲ್ಲ. ಅಣ್ಣನಿಗೆ ಹುರುಪು ಬಂತು. ನಾನು ಹುಟ್ಟಿದಾಗ ಅವನಿಗೆ ನಾಲ್ಕು ವರ್ಷ. ನಾನು ಹಗಲೂ ರಾತ್ರಿ ಅಳುತ್ತಿದ್ದೆನಂತೆ. ಅಮ್ಮ ತೊಡೆಯ ಮೇಲೆ ಹಾಕಿಕೊಂಡು "ಸುಮ್ಮಿರೇ... ಸುಮ್ಮಿರೇ..." ಅನ್ನುತ್ತಿದ್ದಳಂತೆ. ಅದೇ ಪಾಪುವಿನ ಹೆಸರು ಅಂದುಕೊಂಡ ಇವನು. ಪಕ್ಕದ ಮನೆಯವರು ತಂಗಿ ಹೆಸರೇನು ಎಂದು ಕೇಳಿದಾಗ ಎದೆಯುಬ್ಬಿಸಿ ಹೇಳಿದನಂತೆ: ಸುಮ್ಮಿ!

ಮಗಳು ಬಿದ್ದು ಬಿದ್ದು ನಕ್ಕಳು. ನಾನೂ. ಎಷ್ಟು ಸಲ ಕೇಳಿದ ಕಥೆಯೋ.

ಅವನು ಹೋದ ಮೇಲೆ ಪಾತ್ರೆ ತೊಳೆಯುತ್ತ ಯೋಚನೆ ಹತ್ತಿತು. ಅಮ್ಮ ಕರೆಯುತ್ತಿದ್ದಳು, ಕೊನೆಯ 'ಮ್ಮಿ'ಯನ್ನು ಎಳೆದು, ಕೇಳಿದರೆ ಎಲ್ಲಿದ್ದರೂ ಓಡಿಬರಬೇಕು, ಹಾಗೆ. ಅಪ್ಪ ಕರೆದರೆ ತುಂಡು, ಬಾಗಿಲು ತಟ್ಟಿದ ಹಾಗೆ. ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲಿ ಅಣ್ಣನಿಂದ ಕದ್ದು ಕಲಿತರು. ಯಾರೂ ಇಲ್ಲದಾಗ ಮಾತ್ರ, ಮೆತ್ತಗೆ. ಇವರು ಹೋಗಿ ಆರು ವರ್ಷ. ಈಗ ನಾನು ಅಮ್ಮ, ಅತ್ತೆ, ಮೇಡಂ, ಸಿಸ್ಟರ್, ಆಂಟಿ. ಹೊಸದಾಗಿ ಅಜ್ಜಿ. ಸುಮ್ಮಿ ಅನ್ನುವವನು ಇವನೊಬ್ಬನೇ.

ಫೆಬ್ರವರಿ 6, ಶುಕ್ರವಾರ

ಎಳೆದುಕೊಂಡು ಹೋದೆ ಕೊನೆಗೂ. ಹದಿನೈದು ದಿನದಿಂದ ಕಷಾಯ, ಬಿಸಿನೀರು, ಜೇನು — "ಸರಿಹೋಗುತ್ತೆ ಬಿಡೇ" ಎಂಬ ಒಂದೇ ರಾಗ. ನಮ್ಮ ಆಸ್ಪತ್ರೆಯ ಗಂಟಲಿನ ಡಾಕ್ಟರಮ್ಮ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿದರು. ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು, ಸ್ಟಾಫ್ ಅಂತ. ನಿಲ್ಲಬಾರದಿತ್ತು. ಪರದೆ ಮೇಲೆ ಕಂಡಿತು. ನಾನು ಡಾಕ್ಟರಲ್ಲ. ಆದರೆ ಇರಬಾರದ್ದು ಇದೆ ಅಂತ ಗೊತ್ತಾಗದಷ್ಟು ಹೊಸಬಳೂ ಅಲ್ಲ.

ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಂತೆ.

ವಾಪಸು ಬರುವಾಗ ಅವನೇ ಕಾರು ಓಡಿಸಿದ. ದಾರಿಯುದ್ದಕ್ಕೂ ಬೇರೆಯವರ ಡ್ರೈವಿಂಗ್‌ಗೆ ಬೈದ. ನಾನು ಹೂಂ, ಹೂಂ ಅಂದೆ.

ಫೆಬ್ರವರಿ 17, ಮಂಗಳವಾರ

ಬರೆಯಲು ಮನಸ್ಸಿರಲಿಲ್ಲ.

ರಿಪೋರ್ಟ್ ಬಂತು. ನಾನು ಅಂದುಕೊಂಡದ್ದೇ.

ಸ್ಕ್ಯಾನ್ ನಮ್ಮಲ್ಲೇ ಆಯಿತು. ಜೊತೆಯವಳಿಗೆ ಮಾಡು ಅಂದು ನಾನು ಕಾರಿಡಾರಿನಲ್ಲಿ ಕೂತೆ, ಬೇರೆಯವರ ಮನೆಯವರು ಕೂರುವ ಬೆಂಚಿನ ಮೇಲೆ. ಅದು ಅಷ್ಟು ತಣ್ಣಗಿರುತ್ತದೆ ಅಂತ ಗೊತ್ತೇ ಇರಲಿಲ್ಲ. ಚಿತ್ರ ನೋಡಲಿಲ್ಲ.

ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು. ಬೇರೆ ಕಡೆಗೆ ಹರಡಿಲ್ಲ, ಅದು ಪುಣ್ಯ. ಆದರೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು. ಕತ್ತಿನಲ್ಲಿ ಒಂದು ರಂಧ್ರ ಮಾಡುತ್ತಾರೆ, ಉಸಿರಾಟ ಅಲ್ಲಿಂದ. ಜೀವಕ್ಕೆ ಭಯವಿಲ್ಲ. ಮಾತು ಇರುವುದಿಲ್ಲ. ಮುಂದೆ ಯಂತ್ರ ಇಟ್ಟುಕೊಂಡು ಕಲಿಯಬಹುದು, ಆದರೆ ಈ ದನಿ ಮತ್ತೆ ಬರುವುದಿಲ್ಲ.

ಅಣ್ಣ ಕತ್ತು ಸವರಿಕೊಂಡ. ಆಮೇಲೆ ಕೇಳಿದ: "ಅಂದ್ರೆ ಬೈಯೋಕೂ ಆಗಲ್ವಾ ಡಾಕ್ಟ್ರೇ?"

ಆಪರೇಷನ್ ಮಾರ್ಚ್ ಐದಕ್ಕೆ.

ಫೆಬ್ರವರಿ 22, ಭಾನುವಾರ

ಮಗಳು ಅವನ ದನಿ ರೆಕಾರ್ಡ್ ಮಾಡಿಡಬೇಕು ಅಂತ ಫೋನ್ ಹಿಡಿದು ಹೋಗಿದ್ದಳಂತೆ. ಏನಾದರೂ ಮಾತಾಡಿ ಮಾವ ಅಂದರೆ ಅವನಿಗೆ ಮಾತೇ ಹೊರಡಲಿಲ್ಲವಂತೆ! ಜೀವನವಿಡೀ ಬಾಯಿ ಮುಚ್ಚದವನು. ಕೊನೆಗೆ "ಕ್ಲಚ್ ಒತ್ತಿ, ಗೇರ್ ಹಾಕಿ, ಕನ್ನಡಿ ನೋಡಿ" ಅಂತ ಪಾಠ ಒಪ್ಪಿಸಿ ಎದ್ದು ಹೋದನಂತೆ.

ನಾನು ಕೇಳಲಿಲ್ಲ ಆ ರೆಕಾರ್ಡಿಂಗ್. ಆಮೇಲೆ ಕೇಳಿದರಾಯಿತು.

ಈ ನಡುವೆ ಒಂದು ಚಟ ಹತ್ತಿದೆ. ಏನಾದರೂ ನೆಪ ತೆಗೆದು ಅವನಿಗೆ ಫೋನ್ ಮಾಡುತ್ತೇನೆ. ಗ್ಯಾಸ್ ಮುಗಿಯಿತು, ನಲ್ಲಿ ಸೋರುತ್ತಿದೆ. "ಹೇಳು ಸುಮ್ಮಿ" ಅನ್ನುತ್ತಾನೆ. ಅಷ್ಟು ಕೇಳಿದರೆ ಆಯಿತು. ನಲ್ಲಿ ಸೋರುತ್ತಿಲ್ಲ.

ಮಾರ್ಚ್ 1, ಭಾನುವಾರ

ಮನಸ್ಸು ಸರಿಯಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಪರೇಷನ್‌ಗೆ ಮುಂಚೆ ಮಗುವನ್ನು ನೋಡಬೇಕು ಅಂತ ಅಣ್ಣ ಬಂದ. ಬೀಗರೂ ಬಂದಿದ್ದರು. ಮಗು ಬೆಳಿಗ್ಗೆಯಿಂದ ರಚ್ಚೆ. ತೊಟ್ಟಿಲಿಗೆ ಹಾಕಿದರೂ ಇಲ್ಲ, ಹೆಗಲಿಗೆ ಹಾಕಿಕೊಂಡರೂ ಇಲ್ಲ. ಅಣ್ಣ ಕೊಡಿ ಇಲ್ಲಿ ಅಂದ. ತೊಡೆಯ ಮೇಲೆ ಮಲಗಿಸಿಕೊಂಡು, ಬಗ್ಗಿ, ಕಿವಿಯ ಹತ್ತಿರ ಆ ಹರಿದ ದನಿಯಲ್ಲಿ —

"ಸುಮ್ಮಿ... ಏ ಸುಮ್ಮಿ..."

ನಾನು ಅಡುಗೆಮನೆಯಲ್ಲಿದ್ದೆ. ಏನೋ ಅಂತ ಹೊರಗೆ ಬಂದೆ. ನನ್ನನ್ನಲ್ಲ.

ಮಗು ಸುಮ್ಮನಾಯಿತು. ಅವನ ಮುಖವನ್ನೇ ನೋಡಿತು. ಎಲ್ಲರೂ ನಕ್ಕರು. ಮಗಳಂತೂ ಕುಣಿದಳು, ಸಿಕ್ಕಿತು ಹೆಸರು, ಇದೇ ಇಡೋಣ ಅಂತ. ಬೀಗಿತ್ತಿ ಮುಖ ಹುಳ್ಳಗೆ ಮಾಡಿದರು. ಆಮೇಲೆ ಸಂಜೆಯವರೆಗೂ ಅವನು ಮಗುವನ್ನು ಹಾಗೇ ಕರೆದ. ಸುಮ್ಮಿ ಆಕಳಿಸಿದಳು, ಸುಮ್ಮಿ ಸೀನಿದಳು. ಇದ್ದ ಅಷ್ಟಿಷ್ಟು ದನಿಯನ್ನೂ ಅದಕ್ಕೇ ಸುರಿದ. ನನ್ನನ್ನು ಕರೆದದ್ದು "ನೀರು ಕೊಡೇ" ಅಂತ.

ಹೊಟ್ಟೆಕಿಚ್ಚು ಅಂದರೆ ಅನ್ನಲಿ. ಎರಡು ತಿಂಗಳ ಕೂಸಿನ ಮೇಲೆ! ನಾಚಿಕೆಯಾಗುತ್ತದೆ. ಆದರೂ... ಆ ಹೆಸರಿನವಳು ನಾನಿನ್ನೂ ಬದುಕಿದ್ದೇನಲ್ಲ.

ಮಾರ್ಚ್ 5, ಗುರುವಾರ. ಸಂಜೆ

ಆಸ್ಪತ್ರೆಗೆ ಅವನ ಕಾರನ್ನು ನಾನೇ ಓಡಿಸಿ ತಂದಿದ್ದೆ. ಬೆಳಿಗ್ಗೆ ಅಣ್ಣನನ್ನು ಕರೆದುಕೊಂಡು ಹೋದರು. ಸ್ಟ್ರೆಚರಿನ ಪಕ್ಕದಲ್ಲಿ ಥಿಯೇಟರಿನ ಬಾಗಿಲವರೆಗೂ ನಡೆದೆ. ಒಳಗಿನವರೆಲ್ಲ ಪರಿಚಯದವರು, ಒಂದು ನಿಮಿಷ ನಿಲ್ಲಿಸಿದರು. ಮಾತಾಡಿ ಅಂದರು.

ಈಗ ಕರೆಯುತ್ತಾನೆ ಅಂದುಕೊಂಡೆ. ಕೈ ಹಿಡಿದುಕೊಂಡಿದ್ದೆ.

ನನ್ನ ಕಡೆ ನೋಡಿದ. ಮೇಲೆ ಲೈಟಿನ ಕಡೆ ನೋಡಿದ. "ಕಾರು ಇಳಿಜಾರಲ್ಲಿ ನಿಲ್ಸಿದೀವಿ. ಹ್ಯಾಂಡ್‌ಬ್ರೇಕ್ ಹಾಕಿದ್ಯಾ?"

ಹಾಕಿದ್ದೇನೆ ಅಂದೆ. ತಲೆ ಆಡಿಸಿದ. ಬಾಗಿಲು ಮುಚ್ಚಿತು.

ಅಷ್ಟೇ. ಐವತ್ತು ವರ್ಷ ಕೇಳಿದ ದನಿಯ ಕೊನೆಯ ಮಾತು ಹ್ಯಾಂಡ್‌ಬ್ರೇಕ್.

ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಚೆನ್ನಾಗಿ ಆಗಿದೆ ಅಂದರು ಡಾಕ್ಟರಮ್ಮ. ಕೈ ಮುಗಿದೆ. ಗಾಜಿನಿಂದ ನೋಡಿದೆ. ಮಲಗಿದ್ದ. ಕತ್ತಿನ ಹತ್ತಿರ ಉಸಿರು.

ಮಾರ್ಚ್ 9, ಸೋಮವಾರ

ಕಣ್ಣು ಬಿಟ್ಟಿದ್ದಾನೆ, ಗುರುತು ಹಿಡಿಯುತ್ತಾನೆ. ಮಾತಾಡಲು ಬಾಯಿ ತೆರೆದ. ಗಾಳಿಯೂ ಬರಲಿಲ್ಲ. ಮರೆತಿದ್ದ. ನೆನಪಾದದ್ದು ಮುಖದಲ್ಲಿ ಕಂಡಿತು. ನಾನು ದಿಂಬು ಸರಿಮಾಡುವ ನೆಪದಲ್ಲಿ ಬಗ್ಗಿದೆ.

ಮಾರ್ಚ್ 27, ಶುಕ್ರವಾರ

ಅಣ್ಣ ನಮ್ಮ ಮನೆಯಲ್ಲೇ ಇದ್ದಾನೆ, ಗಾಯ ಮಾಗುವವರೆಗೆ. ನನ್ನನ್ನು ಕರೆಯಬೇಕಾದರೆ ಚಮಚದಿಂದ ಲೋಟ ಬಡಿಯುತ್ತಾನೆ. ಎರಡು ಬಡಿತ ಅಂದರೆ ನೀರು. ಒಂದೇ ಸಮನೆ ಬಡಿದರೆ ಟಿವಿ ಚಾನಲ್ ಬದಲಾಯಿಸು.

ಹೋಗುತ್ತೇನೆ. ಮಾಡುತ್ತೇನೆ. ಕೋಪ ಇಲ್ಲ. ಆದರೆ ಲೋಟದ ಸದ್ದಿಗೆ ಓಡುವಾಗ ನಾನು ಯಾರೂ ಅಲ್ಲದವಳ ಹಾಗೆ ಅನ್ನಿಸುತ್ತದೆ. ಯಾರು ಬೇಕಾದರೂ ಓಡಬಹುದು ಆ ಸದ್ದಿಗೆ.

ಏಪ್ರಿಲ್ 12, ಭಾನುವಾರ

ಹೆಸರಿನ ಪಂಚಾಯಿತಿ. ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸಲೇಬೇಕು, ಇನ್ನು ಎಷ್ಟು ದಿನ ಎಳೆಯುವುದು ಅಂತ ಅಳಿಯನೇ ಬಾಯಿಬಿಟ್ಟ. ಮಗಳು ಹಟ ಹಿಡಿದಿದ್ದಾಳೆ: ಸುಮ್ಮಿ. ಮನೆಗೊಂದು ಪತ್ರಕ್ಕೊಂದು ಅಲ್ಲ. ಅದೇ ಪೂರ್ತಿ ಹೆಸರು. ಅವಳ ಗೆಳತಿಯರ ಮಕ್ಕಳೆಲ್ಲ ಹಾಗೇ ಅಂತೆ. ಮಿಲಿ, ಕುಕ್ಕು, ಚೋಟು, ಎಲ್ಲ ಪಾಸ್‌ಪೋರ್ಟಿನಲ್ಲೇ ಇದೆಯಂತೆ.

ಬೀಗಿತ್ತಿ ಕೇಳಿದರು: "ನಾಳೆ ಇವಳು ಜಡ್ಜ್ ಆದ್ರೆ? ಜಸ್ಟಿಸ್ ಸುಮ್ಮಿ ಅಂತ ಬೋರ್ಡ್ ಹಾಕ್ತಾರಾ? ಕೋರ್ಟಲ್ಲಿ ಯಾರಾದ್ರೂ ಸುಮ್ಮನಿರ್ತಾರಾ?"

ಅಳಿಯ ನಗು ತಡೆಯಲಾಗದೆ ಎದ್ದು ಹೋದ.

ನನ್ನ ಕಡೆ ತಿರುಗಿದಳು ಮಗಳು, ನೀನು ಹೇಳಮ್ಮ ಅಂತ. ನಾನು ಬೀಗಿತ್ತಿ ಹೇಳುವುದೇ ಸರಿ ಅಂದೆ. ಸುಮ್ಮಿ ಅನ್ನುವುದು ಹೆಸರಲ್ಲ, ಕರೆಯುವುದು. ಕರೆಯುವುದಕ್ಕೂ ಹೆಸರಿಗೂ ವ್ಯತ್ಯಾಸ ಇರಬೇಕು. ಮನೆಯ ಚಾಪೆಯನ್ನು ಬೀದಿಗೆ ಹಾಸುತ್ತಾರಾ ಅಂದೆ. ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಯಿತು. ಮಗಳು ಪೆಚ್ಚಾದಳು. ಬೀಗಿತ್ತಿಯೂ ಪೆಚ್ಚು. ಅವರಿಗೆ ನನ್ನಿಂದ ಬೆಂಬಲ ಅಭ್ಯಾಸವಿಲ್ಲ.

ಅಣ್ಣ ಮೂಲೆಯ ಕುರ್ಚಿಯಲ್ಲಿದ್ದ. ಒಮ್ಮೆಯೂ ಲೋಟ ಬಡಿಯಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಏಪ್ರಿಲ್ 14, ಮಂಗಳವಾರ

ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಕಾಫಿ ಕುಡಿಯುತ್ತಿದ್ದೆ. ಅಣ್ಣ ಎದುರಿಗೆ ಬಂದು ಕೂತ. ಕತ್ತಿಗೆ ಹತ್ತಿಬಟ್ಟೆ ಕಟ್ಟಿಕೊಂಡಿದ್ದ, ಚಿಕ್ಕ ಮಕ್ಕಳಿಗೆ ಊಟಕ್ಕೆ ಕಟ್ಟುವ ಹಾಗೆ. ಫೋನ್ ತೆಗೆದು ಒಂದೇ ಬೆರಳಿನಲ್ಲಿ ಕುಟ್ಟಿದ. ತಿರುಗಿಸಿ ತೋರಿಸಿದ.

ಕೋಪಾನಾ.

ಯಾರಿಗೆ, ಯಾಕೆ, ಇಲ್ಲಪ್ಪ ಅಂದೆ.

ಸುಳ್ಳು. ಮೂಗು ಕೆಂಪಾಗಿದೆ.

ಹೌದು, ಚಿಕ್ಕಂದಿನಿಂದ ನನ್ನ ಮೂಗೇ ನನ್ನನ್ನು ಹಿಡಿದುಕೊಡುತ್ತದೆ. ಅಳು ಬಂತು. ಕೇಳಿಯೇಬಿಟ್ಟೆ.

"ಅದು ನಂದು ಅಲ್ವೇನೋ. ಇದ್ದದ್ದು ಅದೊಂದೇ. ಮಗೂಗೆ ಬೇರೆ ಸಿಗ್ತಿರ್ಲಿಲ್ವಾ?"

ಅವನು ಬಹಳ ಹೊತ್ತು ಕುಟ್ಟಿದ. ತಪ್ಪಾಯಿತು ಅಂತ ಅಳಿಸಿದ. ಮತ್ತೆ ಕುಟ್ಟಿದ. ನನಗೆ ಬಸ್ಸು ತಪ್ಪಿತು. ತಪ್ಪಲಿ ಅಂದುಕೊಂಡೆ. ಕೊನೆಗೆ ಫೋನನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದ. ಅವನು ಮಾತಾಡುವ ಹಾಗೇ ಬರೆದಿದ್ದ.

ಅಮ್ಮ ಹೋದ್ಳು. ಅಪ್ಪ ಹೋದ್ರು. ಭಾವ ಹೋದ್ರು. ಉಳಿದೋನು ನಾನೊಬ್ಬ. ನನ್ನ ಬಾಯೂ ಹೋಗುತ್ತೆ ಅಂದ್ಮೇಲೆ ಆ ಹೆಸರು ನಿನ್ನ ಕಿವಿಗೆ ಇನ್ನೆಲ್ಲಿಂದ ಬೀಳ್ಬೇಕು? ಮಗೂಗೆ ಇಟ್ರೆ ದಿನಾ ಯಾರಾದ್ರೂ ಕೂಗ್ತಿರ್ತಾರೆ. ನೀನು ಅಲ್ಲೇ ಓಡಾಡ್ಕೊಂಡು ಇರ್ತೀಯ. ಅಷ್ಟೇ ನಾನು ಯೋಚ್ನೆ ಮಾಡಿದ್ದು. ನನ್ನ ತಲೆ ಅಷ್ಟೇ ಓಡೋದು.

ಎರಡು ಸಲ ಓದಿದೆ. ಕಾಫಿ ಆರಿತು.

ಹಾಗಾದರೆ ಆವತ್ತು ಥಿಯೇಟರಿನ ಬಾಗಿಲಲ್ಲಿ ಒಂದು ಸಲ ಕರೆಯಬಾರದಿತ್ತಾ ಅಂದೆ. ಹ್ಯಾಂಡ್‌ಬ್ರೇಕ್ ಅಂತೆ!

ಅವನ ಭುಜ ಕುಲುಕಿತು. ನಗುವುದು ಈಗ ಹಾಗೇ, ಸದ್ದಿಲ್ಲ. ಫೋನ್ ಎಳೆದುಕೊಂಡ.

ಕರೆದಿದ್ರೆ ಅತ್ತುಬಿಡ್ತಿದ್ದೆ ಕಣೇ. ಹೆದರಿಕೆ ಆಗಿತ್ತು.

ಆಸ್ಪತ್ರೆಗೆ ತಡವಾಗಿ ಹೋದೆ. ಎಷ್ಟು ಜನ ಕಾಯುತ್ತಿದ್ದರು. ಯಾರೂ ಬೈಯಲಿಲ್ಲ. ಮುಖ ನೋಡಿಯೇ ಸುಮ್ಮನಾದರೇನೋ.

ಮೇ 4, ಸೋಮವಾರ

ಮುಗಿಯಿತು. ಕಚೇರಿಯಲ್ಲಿ ಅಳಿಯ ಹೆಸರು ಕೊಟ್ಟು ಬಂದ. ಸುಮ್ಮಿ. ಹಿಂದೆ ಮುಂದೆ ಬಾಲ ಇಲ್ಲ. ಮೊನ್ನೆ ಮಗಳ ಹತ್ತಿರ ನಾನೇ ಹೋಗಿ, ಇಡು, ಚೆನ್ನಾಗಿದೆ ಅಂದಿದ್ದೆ. ಕಾರಣ ಕೇಳಿದಳು. ವಯಸ್ಸಾಯಿತು, ಉದ್ದನೆಯದು ಕೂಗಲು ನನಗೆ ಉಸಿರು ಸಾಲದು ಅಂದೆ.

ಬೀಗಿತ್ತಿ ಫೋನ್ ಮಾಡಿದರು. ಸೋತವರ ದನಿ ಅಲ್ಲ. ಸಣ್ಣವರಿದ್ದಾಗ ತಮ್ಮನ್ನು ಮನೆಯಲ್ಲಿ ಏನಂತ ಕರೆಯುತ್ತಿದ್ದರು ಗೊತ್ತಾ ಅಂದರು. ಏನಂತ ಅಂದೆ. ಸ್ವಲ್ಪ ಹಿಂಜರಿದು, ಬೇರೆ ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸಿ ಹೇಳಿದರು: "ಕೋಳಿಮರಿ." ಅವರಪ್ಪ ಹೋದ ಮೇಲೆ ಯಾರೂ ಹಾಗೆ ಕರೆದಿಲ್ಲವಂತೆ. ಆಮೇಲೆ ಇಬ್ಬರೂ ಸುಮಾರು ಹೊತ್ತು ಮಾತಾಡಿದೆವು. ನೆಂಟಸ್ತಿಕೆಯಾಗಿ ಮೂರು ವರ್ಷದಲ್ಲಿ ಅಷ್ಟು ಮಾತಾಡಿರಲಿಲ್ಲ. ಇಡುವಾಗ ಬಾಯಿತಪ್ಪಿ ಆ ಹೆಸರಿನಿಂದಲೇ ಕರೆದುಬಿಡುತ್ತಿದ್ದೆ. ಕರೆಯಬೇಕಿತ್ತೇನೋ.

ಜುಲೈ 11, ಶನಿವಾರ

ಅಣ್ಣ ತನ್ನ ಮನೆಗೆ ಹೋಗಿ ತಿಂಗಳ ಮೇಲಾಯಿತು. ಸ್ಕೂಲ್ ಮತ್ತೆ ಶುರುಮಾಡಿದ್ದಾನೆ. ಡ್ಯಾಶ್‌ಬೋರ್ಡ್ ಮೇಲೆ ಒಂದು ತಟ್ಟು ತಟ್ಟಿದರೆ ಬ್ರೇಕ್, ಎರಡು ತಟ್ಟಿದರೆ ಗೇರ್. ಭುಜಕ್ಕೆ ತಟ್ಟಿದರೆ ಕನ್ನಡಿ ನೋಡು. ಕಲಿಯುವವರು ಮೊದಲಿಗಿಂತ ಈಗಲೇ ವಾಸಿ ಅನ್ನುತ್ತಾರಂತೆ. ಅದನ್ನು ಅವನೇ ಹೆಮ್ಮೆಯಿಂದ ಮೆಸೇಜ್ ಮಾಡಿದ್ದ.

ಯಂತ್ರ ಬಂದಿದೆ. ಟಾರ್ಚಿನಷ್ಟು ದಪ್ಪ. ಗಲ್ಲದ ಕೆಳಗೆ ಒತ್ತಿಕೊಂಡು ತುಟಿ ಆಡಿಸಬೇಕು, ಅದು ಗುಂಯ್ ಅಂತ ಮಾತಾಡುತ್ತದೆ. ಒಬ್ಬನೇ ಇದ್ದಾಗ ಅಭ್ಯಾಸ ಮಾಡುತ್ತಾನೆ. ಯಾರಾದರೂ ಬಂದರೆ ಜೇಬಿಗೆ ಹಾಕಿಕೊಳ್ಳುತ್ತಾನೆ. ನಾಚಿಕೆ. ನನ್ನೆದುರು ಕೂಡ ತೆಗೆದಿಲ್ಲ. ಡಬ್ಬದೊಳಗಿನ ಜೀರುಂಡೆ ಹಾಗಿದೆಯಂತೆ ಅವನ ದನಿ. ನಾನು ಬಲವಂತ ಮಾಡಿಲ್ಲ.

ಆಗಸ್ಟ್ 16, ಭಾನುವಾರ

ಮನೆ ತುಂಬ ಜನ. ಬೀಗರು, ಮಗಳು, ಅಳಿಯ, ಅಣ್ಣ. ಊಟ ಆಯಿತು. ಸ್ವಲ್ಪ ಬೆನ್ನು ಚಾಚುತ್ತೇನೆ ಅಂತ ಒಳಗೆ ಬಂದು ಬಾಗಿಲು ಮುಂದಕ್ಕೆ ತಳ್ಳಿ ಕೂತು ಬರೆಯುತ್ತಿದ್ದೇನೆ.

ಮಗು ಈಗ ಹೊಟ್ಟೆಯ ಮೇಲೆ ತೆವಳುತ್ತದೆ. ಹೆಸರು ಹಿಡಿದು ಕರೆದರೆ ತಿರುಗುತ್ತದೆ. ನಾನೂ ತಿರುಗುತ್ತೇನೆ. ಇಷ್ಟು ದಿನವಾದರೂ ಕತ್ತು ಕೇಳುವುದಿಲ್ಲ. "ನೀನಲ್ಲಮ್ಮ" ಅಂತ ಮಗಳು ಪ್ರತಿ ಸಲ ನಗುತ್ತಾಳೆ. ಬೀಗಿತ್ತಿ ಅದನ್ನು 'ಸುಮ್ಮಕ್ಕ' ಮಾಡಿಕೊಂಡಿದ್ದಾರೆ, ಒಂದಕ್ಷರ ಹೆಚ್ಚಿಸಿ. ಅಳಿಯ 'ಸುಮ್' ಮಾಡಿದ್ದಾನೆ, ಒಂದಕ್ಷರ ಕತ್ತರಿಸಿ. ಒಂದು ಹೆಸರೇ ಸಾಕು ಅಂದವರು ಆಗಲೇ ಮೂರು ಮಾಡಿದರು.

ಅಣ್ಣನದು ಬೇರೆಯೇ. ಮಗುವಿನ ಮುಂದೆ ಕೂತು ಬರೀ ತುಟಿಯಲ್ಲಿ ಕರೆಯುತ್ತಾನೆ. ಸದ್ದಿಲ್ಲ. ಎರಡೂ ತುಟಿ ಸೇರುತ್ತವೆ, ಬಿಡುತ್ತವೆ, ನಗುವಿನ ಹಾಗೆ ಅಗಲವಾಗುತ್ತವೆ. ಅದು ಕಣ್ಣರಳಿಸಿ ನೋಡಿ ತಾನೂ ತುಟಿ ಒತ್ತುತ್ತದೆ. ಅದಕ್ಕೆ ದನಿ ಯಾಕೆ ಬರುವುದಿಲ್ಲ ಅನ್ನುವ ಪ್ರಶ್ನೆಯೇ ಇಲ್ಲ. ಮಾವಜ್ಜ ಕರೆಯುವುದೇ ಹೀಗೆ ಅಂದುಕೊಂಡಿದೆ. ಮೊದಮೊದಲು ನೋಡಲು ಆಗುತ್ತಿರಲಿಲ್ಲ. ಈಗ ಬಾಗಿಲ ಹತ್ತಿರ ನಿಂತು ನೋಡುತ್ತೇನೆ. ಅಮ್ಮ ಇದ್ದಿದ್ದರೆ ಅನ್ನಿಸುತ್ತದೆ. ಅಳುವ ಮಗುವಿಗೆ ಅಂದ ಒಂದು ಮಾತು, ಎಲ್ಲಿಂದ ಎಲ್ಲಿಗೆ

ಹೊರಗೆ ಏನೋ ಸದ್ದು. ಗುಂಯ್ ಅಂತ. ಮಿಕ್ಸಿ ಅಂದುಕೊಂಡೆ, ಅಲ್ಲ. ಎಲ್ಲರೂ ಒಮ್ಮೆಲೇ ಸುಮ್ಮನಾದರು.

ಮತ್ತೆ.

"ಸು... ಮ್ಮಿ."

ಯಂತ್ರ ತೆಗೆದಿದ್ದಾನೆ. ಎಲ್ಲರ ಎದುರಿಗೆ! ನಿಜವಾಗಿಯೂ ಜೀರುಂಡೆಯೇ. ಏರಿಳಿತ ಇಲ್ಲ, ಅಣ್ಣನ ದನಿಯ ಒಂದು ಎಳೆಯೂ ಇಲ್ಲ. ಆದರೆ ಕೊನೆಯಲ್ಲಿ ಸ್ವಲ್ಪ ಎಳೆಯುತ್ತಾನಲ್ಲ, ಅದು ಇದೆ. ಅಮ್ಮನದು.

ಇನ್ನೊಂದು ಸಲ. ಮಗು ಅಲ್ಲೇ ಅವನ ಕಾಲ ಬಳಿ ಇದೆ. ಅದನ್ನು ಕರೆಯಲು ಇಷ್ಟು ಜೋರಾಗಿ ಯಾಕೆ... ನನ್ನನ್ನೋ, ಅದನ್ನೋ, ಕೇಳಬೇಕು. ಕೇಳುವುದೇನು, ಆಗಲೇ ಓಗೊಟ್ಟುಬಿಟ್ಟಿದ್ದೇನೆ. ಬಂದೆ ಅಂದಿದ್ದೇನೆ. ಎದ್ದು ಹೋ